ಮಂಡ್ಯದ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಸ್ಪೈವೇರ್ ಹುಡುಕಾಟ: ಕೆಲಸ ಎಲ್ಲಿಗೆ ಬಂದಿದೆ

ಮಂಡ್ಯದಲ್ಲಿ ನ್ಯಾಯಾಲಯದ ಹತ್ತಿರ ಡಿಟಿಪಿ ಅಂಗಡಿ ನಡೆಸುವ ನನ್ನ ಸೋದರಮಾವನ ಕಂಪ್ಯೂಟರನ್ನು ಮೈಸೂರಿನ ಸರಸ್ವತೀಪುರಂನ ಮನೆಗೆ ತಂದು, ಅದರಲ್ಲಿ ಸ್ಪೈವೇರ್ (ಗುಟ್ಟಾಗಿ ಮಾಹಿತಿ ಕದಿಯುವ ತಂತ್ರಾಂಶ) ಸೇರಿದೆಯೋ ಇಲ್ಲವೋ ಎಂದು ಪರೀಕ್ಷಿಸುವ ಕೆಲಸ ಬಹುಪಾಲು ಮುಗಿದಿದೆ. ಸೇರಿತ್ತು ಎಂಬುದು ಈಗ ಖಚಿತ. ಆದರೆ ಅಂಗಡಿಯ ಪರದೆಯ ಮೇಲೆ ಆಂಟಿವೈರಸ್ಸಿನ ಹಸಿರು ಗುರುತು ಮೊದಲಿನಿಂದಲೂ ಹಾಗೆಯೇ ಇತ್ತು. "ಹಸ್ರು ತೋರಿಸ್ತಾ ಐತಲ್ಲ ಮಗ, ಇನ್ನೇನ್ ನೋಡೋದು?" ಎಂದು ಮಾವ ಕೇಳಿದ್ದರು. ಹಸಿರು ಗುರುತಿದ್ದೂ ಅದು ಒಳಗೆ ಹೇಗೆ ಉಳಿದಿತ್ತು, ಅದನ್ನು ಹೇಗೆ ಕಂಡುಹಿಡಿದೆ ಎಂಬುದನ್ನು ಇಂಥದೇ ಅಂಗಡಿ ನಡೆಸುವವರಿಗೆ ಉಪಯೋಗವಾಗಲೆಂದು ಬರೆದಿಡುತ್ತಿದ್ದೇನೆ.

ಅನುಮಾನ ಹುಟ್ಟಿದ್ದು ಗಿರಾಕಿಯೊಬ್ಬರ ದೂರಿನಿಂದ. ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಹೋದ ಮೇಲೆ ಅವರ ಪೆನ್ ಡ್ರೈವಿನಲ್ಲಿದ್ದ ಫೋಲ್ಡರುಗಳೆಲ್ಲ ಶಾರ್ಟ್‌ಕಟ್‌ಗಳಾಗಿ ಮಾರ್ಪಟ್ಟಿದ್ದವು. ಕಂಪ್ಯೂಟರ್ ನಿಧಾನವಾಗಿದೆ, ಫ್ಯಾನ್ ಜೋರಾಗಿ ತಿರುಗುತ್ತದೆ ಎಂದೂ ಮಾವ ಹೇಳಿದರು. ಇವುಗಳಿಗೆ ನಾನು ಹೆಚ್ಚು ಬೆಲೆ ಕೊಡಲಿಲ್ಲ. ಹಳೆಯ ಹಾರ್ಡ್ ಡಿಸ್ಕು, ಕಡಿಮೆ ರ‍್ಯಾಮು, ಧೂಳು ತುಂಬಿದ ಫ್ಯಾನು ಇದ್ದರೂ ಹೀಗೆಯೇ ಆಗುತ್ತದೆ; ಮಾಹಿತಿ ಕದಿಯಲೆಂದೇ ಬರೆದ ತಂತ್ರಾಂಶ ಸಾಮಾನ್ಯವಾಗಿ ಬಳಕೆದಾರನಿಗೆ ಅಡ್ಡಿಯಾಗದಂತೆ ಸದ್ದಿಲ್ಲದೆ ಇರುತ್ತದೆ. ಶಾರ್ಟ್‌ಕಟ್‌ಗಳ ಸಂಗತಿ ಮಾತ್ರ ಹಾಗಲ್ಲ. ಅದು ಕಣ್ಣಿಗೆ ಕಾಣುವ ಪುರಾವೆ.

ಇಂಥ ಅಂಗಡಿಯ ಕಂಪ್ಯೂಟರಿನಲ್ಲಿ ಊರಿನವರ ಆಧಾರ್ ಪ್ರತಿಗಳು, ಪಹಣಿ, ಕ್ರಯಪತ್ರ, ವಿಲ್, ಅಫಿಡವಿಟ್ಟುಗಳ ಕರಡು ಎಲ್ಲವೂ ಇರುತ್ತವೆ. ಅವು ಬೇರೆಯವರು ನಂಬಿ ಕೊಟ್ಟವು. ಆದ್ದರಿಂದ ಪರೀಕ್ಷೆಯ ಹೆಸರಿನಲ್ಲಿ ಈ ಯಂತ್ರವನ್ನು ಮತ್ತೊಮ್ಮೆ ಇಂಟರ್‌ನೆಟ್ಟಿಗೆ ತೆರೆಯಬಾರದು ಎಂಬ ನಿಯಮವನ್ನು ಆರಂಭದಲ್ಲೇ ಹಾಕಿಕೊಂಡೆ.

ಡಿಸ್ಕಿನ ನಕಲು

ಕಂಪ್ಯೂಟರನ್ನು ಅದರದೇ ವಿಂಡೋಸ್‌ನಲ್ಲಿ ಚಾಲೂ ಮಾಡದೆ, ಪೆನ್ ಡ್ರೈವಿನಿಂದ ಲಿನಕ್ಸ್ ಎಂಬ ಬೇರೆ ಕಾರ್ಯಾಚರಣಾ ವ್ಯವಸ್ಥೆಯನ್ನು ಬೂಟ್ ಮಾಡಿ, ಹಾರ್ಡ್ ಡಿಸ್ಕಿನ ಪೂರ್ತಿ ನಕಲನ್ನು ಮತ್ತೊಂದು ಡಿಸ್ಕಿಗೆ ತೆಗೆದೆ. ಮೂಲ ಡಿಸ್ಕನ್ನು ಕಳಚಿ, ಚೀಟಿ ಅಂಟಿಸಿ, ಬೀರುವಿನಲ್ಲಿಟ್ಟಿದ್ದೇನೆ. ಮುಂದೆ ಪೊಲೀಸರಿಗೋ ಬ್ಯಾಂಕಿಗೋ ತೋರಿಸಬೇಕಾಗಿ ಬಂದರೆ ಏನನ್ನೂ ಮುಟ್ಟದ ಪ್ರತಿಯೊಂದು ಇರಬೇಕು. ನಕಲಿನಿಂದ ಗಿರಾಕಿಗಳ ದಾಖಲೆಗಳನ್ನೆಲ್ಲ ಅಳಿಸಿ, ಆ ನಕಲನ್ನೇ ಮುಂದಿನ ಪರೀಕ್ಷೆಗಳಿಗೆ ಬಳಸಿದೆ.

ಲಿನಕ್ಸ್‌ನಿಂದ ನೋಡುವುದರಲ್ಲಿ ಇನ್ನೊಂದು ಅನುಕೂಲವಿದೆ. ಸೋಂಕು ತಗುಲಿದ ವಿಂಡೋಸನ್ನೇ ಚಾಲೂ ಮಾಡಿ "ನಿನ್ನಲ್ಲಿ ಏನಾದರೂ ಇದೆಯೇ" ಎಂದು ಕೇಳುವುದು ಆರೋಪಿಯನ್ನೇ ಸಾಕ್ಷಿಗೆ ಕರೆದಂತೆ. ಆಳಕ್ಕೆ ಇಳಿದ ಕುತಂತ್ರಾಂಶಗಳು ತಮ್ಮ ಫೈಲುಗಳನ್ನು ವಿಂಡೋಸ್ ತೋರಿಸುವ ಪಟ್ಟಿಯಿಂದಲೇ ಮರೆಮಾಡಬಲ್ಲವು. ಹೊರಗಿನ ವ್ಯವಸ್ಥೆಯೊಂದು ಡಿಸ್ಕನ್ನು ಓದುವಾಗ ಆ ಮರೆ ನಡೆಯುವುದಿಲ್ಲ. ಲಿನಕ್ಸ್ ಗೊತ್ತಿಲ್ಲದವರು ವಿಂಡೋಸ್‌ನೊಂದಿಗೇ ಬರುವ ಡಿಫೆಂಡರ್ ಎಂಬ ಆಂಟಿವೈರಸ್ಸಿನ ಆಫ್‌ಲೈನ್ ಸ್ಕ್ಯಾನನ್ನು ಬಳಸಬಹುದು. ಅದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಮಾಮೂಲಿ ವಿಂಡೋಸ್ ಏಳುವ ಮೊದಲೇ ಪರೀಕ್ಷಿಸುತ್ತದೆ.

ಒಳಗಿನ ಲೆಕ್ಕ

ಸ್ಪೈವೇರ್ ಎಷ್ಟೇ ಜಾಣವಾಗಿದ್ದರೂ ಕಂಪ್ಯೂಟರ್ ಆರಿ ಮತ್ತೆ ಹತ್ತಿದಾಗ ತಾನೂ ಏಳಬೇಕು. ಅದಕ್ಕೆ ಎಲ್ಲೋ ಒಂದು ಕಡೆ ನಮೂದು ಬೇಕು. ಆ ಜಾಗಗಳು ಹಲವು: ವಿಂಡೋಸ್ ಸೆಟ್ಟಿಂಗುಗಳ ಭಂಡಾರವಾದ ರಿಜಿಸ್ಟ್ರಿಯ ರನ್ ಕೀಲಿಗಳು (ಲಾಗಿನ್ ಆದಾಗ ತಾನಾಗಿ ಓಡಬೇಕಾದವುಗಳ ನಮೂದುಗಳು), ಸ್ಟಾರ್ಟಪ್ ಫೋಲ್ಡರ್, ಟಾಸ್ಕ್ ಶೆಡ್ಯೂಲರ್, ಸರ್ವೀಸುಗಳು, ಡ್ರೈವರುಗಳು, ಸಾಮಾನ್ಯವಾಗಿ ಯಾರೂ ಇಣುಕಿ ನೋಡದ ಡಬ್ಲ್ಯೂಎಂಐ ಎಂಬ ವಿಂಡೋಸ್ ನಿರ್ವಹಣಾ ವ್ಯವಸ್ಥೆ. ಇವೆಲ್ಲವನ್ನೂ ಒಂದೇ ಪಟ್ಟಿಯಲ್ಲಿ ತೋರಿಸುವ ಆಟೋರನ್ಸ್ ಎಂಬ ಉಚಿತ ಉಪಕರಣವಿದೆ. ಮಾರ್ಕ್ ರುಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಲ್ಲಿ ಆರಂಭಿಸಿದ ಸಿಸ್‌ಇಂಟರ್ನಲ್ಸ್ ಉಪಕರಣಗಳ ಗುಂಪಿಗೆ ಸೇರಿದ್ದು ಇದು. 2006ರಲ್ಲಿ ಆ ಗುಂಪನ್ನು ಮೈಕ್ರೋಸಾಫ್ಟ್ ತನ್ನದಾಗಿಸಿಕೊಂಡಿತು. ಚಾಲನೆಯಲ್ಲಿಲ್ಲದ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ ಓದುವ ಸೌಲಭ್ಯವೂ ಇದರಲ್ಲಿದೆ. ನಾನು ಬಳಸಿದ್ದು ಅದನ್ನೇ.

ತಂತ್ರಾಂಶ ಯಾರದೆಂದು ಸಾರುವ ಡಿಜಿಟಲ್ ಸಹಿಯನ್ನು ಪರಿಶೀಲಿಸುವ ಆಯ್ಕೆಯನ್ನು ಹಾಕಿ, ಮೈಕ್ರೋಸಾಫ್ಟ್ ಸಹಿಯಿರುವ ನಮೂದುಗಳನ್ನು ಮರೆಮಾಡಿದರೆ ಉದ್ದನೆಯ ಪಟ್ಟಿ ಒಂದು ಪುಟಕ್ಕೆ ಇಳಿಯುತ್ತದೆ. ಉಳಿದವನ್ನು ಒಂದೊಂದಾಗಿ, ಇದು ಯಾರದು, ಏಕೆ ಇದೆ, ಯಾವ ಫೋಲ್ಡರಿನಿಂದ ಓಡುತ್ತದೆ ಎಂದು ಕೇಳುತ್ತಾ ಹೋಗಬೇಕು. ಪ್ರಿಂಟರಿನದು, ಸ್ಕ್ಯಾನರಿನದು, ಬ್ರೌಸರಿನದು ಬೇಗ ತೀರಿದವು.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಪ್ರತಿಯೊಂದು. ಕನ್ನಡದಲ್ಲಿ ಡಿಟಿಪಿ ಮಾಡುವ ಎಲ್ಲರೂ ಈ ಸಂಗತಿಯನ್ನು ಗಮನಿಸಬೇಕೆಂದು ನನ್ನ ಆಸೆ. ಯಾವ ತಂತ್ರಾಂಶದಲ್ಲಿದ್ದರೂ ಒತ್ತಿದ ಇಂಗ್ಲಿಷ್ ಕೀಲಿಯನ್ನು ನಡುವೆಯೇ ಹಿಡಿದು ಕನ್ನಡ ಅಕ್ಷರವಾಗಿ ಮಾರ್ಪಡಿಸುವುದು ಇಂಥ ತಂತ್ರಾಂಶದ ನ್ಯಾಯವಾದ ಕೆಲಸ. ಕೀಲಿ ಕದಿಯುವ ಕೀಲಾಗರ್ ಮಾಡುವುದೂ ಮೊದಲ ಅರ್ಧದಲ್ಲಿ ಇದನ್ನೇ. ಹಿಡಿದ ಮೇಲೆ ಅದು ಬರೆದಿಟ್ಟುಕೊಂಡು ಹೊರಗೆ ಕಳಿಸುತ್ತದೆ. ಹಾಗಾಗಿ ಕೀಲಿಮಣೆಯನ್ನು ಕೇಳಿಸಿಕೊಳ್ಳುತ್ತಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಅಪರಾಧಿ ಎನ್ನಲಾಗದು. ಕನ್ನಡದ್ದು ಎಂಬ ಒಂದೇ ಕಾರಣಕ್ಕೆ ನಂಬಲೂ ಆಗದು. ಇದು ಯಾರದೋ ಪೆನ್ ಡ್ರೈವಿನಿಂದ ಬಂದ ಪ್ರತಿ. ಸಹಿ ಇರಲಿಲ್ಲ. ಎರಡು ಸಂಗತಿಗಳನ್ನು ನೋಡಿದೆ: ಅದು ಯಾವ ಫೈಲಿಗೆ ಬರೆಯುತ್ತದೆ, ಯಾವ ವಿಳಾಸಕ್ಕೆ ಸಂಪರ್ಕ ಬೆಳೆಸುತ್ತದೆ. ಟೈಪ್ ಮಾಡುತ್ತಾ, ಯಾವ ತಂತ್ರಾಂಶ ಏನು ಮಾಡುತ್ತಿದೆ ಎಂದು ತೋರಿಸುವ ಪ್ರೋಸೆಸ್ ಮಾನಿಟರಿನಲ್ಲಿ ಗಮನಿಸಿದಾಗ ಅದು ತನ್ನ ಸೆಟ್ಟಿಂಗಿನ ಫೈಲನ್ನು ಓದುವುದರ ಹೊರತು ಏನನ್ನೂ ಬರೆಯಲಿಲ್ಲ, ಸಂಪರ್ಕದ ಪ್ರಯತ್ನವನ್ನೂ ಮಾಡಲಿಲ್ಲ. ಆದರೂ ಮೂಲ ಗೊತ್ತಿಲ್ಲದ ಪ್ರತಿ ಬೇಡವೆಂದು ಮಾವನಿಗೆ ಹೇಳಿ, ತಯಾರಕರ ತಾಣದಿಂದಲೇ ಹೊಸದನ್ನು ಇಳಿಸಿಕೊಳ್ಳುವುದಾಗಿ ತೀರ್ಮಾನಿಸಿದೆವು.

ನಿಜವಾದ ಕಳ್ಳ ಸಿಕ್ಕಿದ್ದು ರನ್ ಕೀಲಿಯಲ್ಲಿ. ಅಪ್‌ಡೇಟ್ ಎಂದು ನಂಬಿಸುವಂಥ ಹೆಸರಿನ ನಮೂದು, ಓಡಿಸುತ್ತಿದ್ದದ್ದು ಸ್ಕ್ರಿಪ್ಟುಗಳನ್ನು (ಆದೇಶಗಳನ್ನು ಬರೆದ ಕಡತಗಳನ್ನು) ನಡೆಸುವ ಡಬ್ಲ್ಯೂಸ್ಕ್ರಿಪ್ಟ್. ಇದು ಮೈಕ್ರೋಸಾಫ್ಟ್‌ನದೇ ಸಾಚಾ ಕಡತವಾದ್ದರಿಂದ ಮೈಕ್ರೋಸಾಫ್ಟ್ ನಮೂದುಗಳನ್ನು ಮರೆಮಾಡುವಾಗ ಕಣ್ಣು ತಪ್ಪುವ ಅಪಾಯವಿತ್ತು. ಆದ್ದರಿಂದ ಮರೆಮಾಡದ ಪಟ್ಟಿಯನ್ನೂ ಒಮ್ಮೆ ಓದಿಯೇ ಮುಂದಕ್ಕೆ ಹೋಗಬೇಕು. ಅದಕ್ಕೆ ಕೊಟ್ಟಿದ್ದ ಸ್ಕ್ರಿಪ್ಟು, ತಂತ್ರಾಂಶಗಳು ತಮ್ಮ ಮಾಹಿತಿ ಇಡುವ ಆ್ಯಪ್‌ಡೇಟಾ ಫೋಲ್ಡರಿನ ಒಳಗೆ ಕುಳಿತ ವಿಬಿಎಸ್ (ವಿಬಿ ಸ್ಕ್ರಿಪ್ಟ್) ಫೈಲು. ಗಿರಾಕಿಯ ಪೆನ್ ಡ್ರೈವಿನಲ್ಲಿದ್ದ ಶಾರ್ಟ್‌ಕಟ್ಟಿನ ಪ್ರಾಪರ್ಟೀಸ್ ತೆರೆದು ಟಾರ್ಗೆಟ್ ಎಂಬ ಚೌಕವನ್ನು ಬಲಕ್ಕೆ ಸರಿಸುತ್ತಾ ಓದಿದಾಗ ಕೊಂಡಿ ಸ್ಪಷ್ಟವಾಯಿತು: ಮೊದಲು ವಿಂಡೋಸ್ ಆದೇಶಗಳನ್ನು ನಡೆಸುವ ಸಿಎಂಡಿ, ನಂತರ ಅದೇ ಹೆಸರಿನ ವಿಬಿಎಸ್ ಫೈಲನ್ನು ಓಡಿಸುವ ಆದೇಶ, ಕೊನೆಗೆ ಎಕ್ಸ್‌ಪ್ಲೋರರ್ ಮೂಲಕ ನಿಜವಾದ ಫೋಲ್ಡರನ್ನು ತೆರೆಯುವ ಆದೇಶ. ಫೋಲ್ಡರ್ ಎಂದಿನಂತೆ ತೆರೆದುಕೊಳ್ಳುವುದರಿಂದ ಒತ್ತಿದವರಿಗೆ ಏನೂ ಅನ್ನಿಸುವುದಿಲ್ಲ. ನಿಜವಾದ ಫೋಲ್ಡರುಗಳು ಹಿಡನ್ ಮತ್ತು ಸಿಸ್ಟಮ್ ಗುರುತು ಹೊತ್ತು ಅಲ್ಲಿಯೇ ಇದ್ದವು. ಆಟ್ರಿಬ್ ಆದೇಶದಿಂದ ಆ ಗುರುತುಗಳನ್ನು ತೆಗೆದು ಗಿರಾಕಿಯ ಕಡತಗಳನ್ನೆಲ್ಲ ಹಿಂತಿರುಗಿಸಿದ್ದೇವೆ.

ಪೆನ್ ಡ್ರೈವಿನ ಶಾರ್ಟ್‌ಕಟ್ಟುಗಳ ಮೂಲಕ ಹರಡುವ ವಿಬಿಎಸ್ ಹುಳುಗಳು (ತಾವಾಗಿಯೇ ಹರಡುವ ಕುತಂತ್ರಾಂಶಗಳು) ಹೊಸವಲ್ಲ. ಜೆನ್‌ಕ್ಸಸ್ ಎಂಬ ಇಂಥ ಹುಳು ಮತ್ತು ಕೀಲಿಗಳನ್ನು ದಾಖಲಿಸಬಲ್ಲ ಬ್ಲಾಡಬಿಂಡಿ, ಈ ಎರಡರ ವಿರುದ್ಧ ಮೈಕ್ರೋಸಾಫ್ಟ್ 2014ರ ಜೂನ್‌ನಲ್ಲಿ ನ್ಯಾಯಾಲಯದ ಆದೇಶ ಪಡೆದು ಕ್ರಮ ಕೈಗೊಂಡಿತ್ತು. ಹಾಗಿದ್ದರೆ ಇಷ್ಟು ಹಳೆಯ ಬಗೆಯ ಕುತಂತ್ರಾಂಶವನ್ನು ಡಿಫೆಂಡರ್ ಏಕೆ ಹಿಡಿಯಲಿಲ್ಲ?

ಉತ್ತರ ಡಿಫೆಂಡರಿನ ಎಕ್ಸ್‌ಕ್ಲೂಶನ್ ಪಟ್ಟಿಯಲ್ಲಿತ್ತು. ಆ್ಯಪ್‌ಡೇಟಾ ಫೋಲ್ಡರನ್ನು ಇಡಿಯಾಗಿ ಪರೀಕ್ಷೆಯಿಂದ ಹೊರಗಿಡಲಾಗಿತ್ತು. ಡಿಸೈನ್ ತಂತ್ರಾಂಶವೊಂದರ ಕ್ರ್ಯಾಕ್ ಪ್ರತಿಯನ್ನು ಹಾಕುವಾಗ ಅದರ ಜೊತೆಗಿದ್ದ ಸೂಚನೆಯಂತೆ ಹೀಗೆ ಮಾಡಿಸಿಕೊಂಡದ್ದು ಮಾವನ ನೆನಪಿನಲ್ಲಿತ್ತು. ನೋಡಬೇಡ ಎಂದು ಹೇಳಿದ ಕೋಣೆಯನ್ನು ಡಿಫೆಂಡರ್ ನೋಡುತ್ತಿರಲಿಲ್ಲ. ಉಳಿದ ಕಡೆ ಏನೂ ಸಿಗದ್ದರಿಂದ ಹಸಿರು ಗುರುತು ತೋರಿಸುತ್ತಿತ್ತು. ಈಗ ಯಾರಾದರೂ ನನ್ನನ್ನು ಎಲ್ಲಿಂದ ಹುಡುಕಲು ಆರಂಭಿಸಬೇಕೆಂದು ಕೇಳಿದರೆ ಸ್ಕ್ಯಾನ್ ಒತ್ತುವ ಮೊದಲು ಈ ಪಟ್ಟಿಯನ್ನು ನೋಡಿ ಎನ್ನುತ್ತೇನೆ. ವಿಂಡೋಸ್ ಸೆಕ್ಯುರಿಟಿಯ ಸೆಟ್ಟಿಂಗುಗಳಲ್ಲಿ, ವೈರಸ್ ರಕ್ಷಣೆಯ ಭಾಗದ ಕೊನೆಯಲ್ಲಿ ಅದು ಸಿಗುತ್ತದೆ. ನೀವು ಹಾಕದ ನಮೂದು ಅಲ್ಲಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಸಿಕ್ಕ ಫೈಲು ಇತರರಿಗೂ ಗೊತ್ತಿರುವುದೇ ಎಂದು ತಿಳಿಯಲು ಅದರ ಎಸ್‌ಎಚ್‌ಎ-256 ಮೌಲ್ಯವನ್ನು (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಲೆಕ್ಕಹಾಕಿ, ಫೈಲುಗಳನ್ನು ಹಲವು ಆಂಟಿವೈರಸ್ಸುಗಳಿಂದ ಪರೀಕ್ಷಿಸಿಕೊಡುವ ವೈರಸ್‌ಟೋಟಲ್ ತಾಣದಲ್ಲಿ ಹುಡುಕಿದೆ. ಅನೇಕ ಆಂಟಿವೈರಸ್ಸುಗಳು ಅದನ್ನು ಗುರುತಿಸಿದ್ದವು. ಇಲ್ಲಿ ಎಚ್ಚರ ಬೇಕು. ಆ ತಾಣಕ್ಕೆ ಏರಿಸಿದ ಫೈಲುಗಳನ್ನು ಹಣ ಕೊಟ್ಟು ಚಂದಾದಾರರಾದ ಸಂಶೋಧಕರು ಇಳಿಸಿಕೊಳ್ಳಬಹುದು. ಹಾಗಾಗಿ ಗಿರಾಕಿಯ ಕ್ರಯಪತ್ರದ ಬಗ್ಗೆ ಅನುಮಾನ ಬಂದರೂ ಅದನ್ನು ಅಲ್ಲಿಗೆ ಏರಿಸಬಾರದು, ಮೌಲ್ಯವನ್ನು ಮಾತ್ರ ಹುಡುಕಬೇಕು.

ಹೊರಗಿನಿಂದ ಕಂಡದ್ದು

ಒಂದು ಸಿಕ್ಕಿತೆಂದು ಹುಡುಕಾಟ ನಿಲ್ಲಿಸುವಂತಿಲ್ಲ. ಜೊತೆಗೆ ಮತ್ತೊಂದು ಇರಬಹುದು. ಅದಕ್ಕಾಗಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ, ತಾಣಗಳ ಹೆಸರಿನ ಕೋರಿಕೆಗಳನ್ನು ದಾಖಲಿಸುವ ಪೈ-ಹೋಲ್ ತಂತ್ರಾಂಶವನ್ನು ಹಾಕಿ, ಇಂಟರ್‌ನೆಟ್ ಇಲ್ಲದ ಪ್ರತ್ಯೇಕ ರೂಟರಿಗೆ ಜೋಡಿಸಿ, ನಕಲು ಡಿಸ್ಕಿನಿಂದ ಏಳುವ ಕಂಪ್ಯೂಟರಿನ ಎಲ್ಲ ಡಿಎನ್‌ಎಸ್ ಕೋರಿಕೆಗಳೂ (ತಾಣದ ಹೆಸರು ಹೇಳಿ ಅದರ ವಿಳಾಸ ಕೇಳುವ ಪ್ರಶ್ನೆಗಳು) ಅಲ್ಲಿಗೇ ಬರುವಂತೆ ಮಾಡಿದೆ. ಯಾವ ತಾಣವನ್ನು ಹುಡುಕುತ್ತಿದೆ ಎಂಬುದು ದಾಖಲಾಗುತ್ತದೆ, ಹೊರಗೆ ಏನೂ ಹೋಗುವುದಿಲ್ಲ.

ದಾಖಲೆ ತೆರೆದರೆ ಹೆಸರುಗಳ ಮಹಾಪೂರ. ವಿಂಡೋಸ್ ತಾನೇ ಸಮಯ, ಅಪ್‌ಡೇಟು, ಹವಾಮಾನ ಎಂದು ಸದಾ ಎಲ್ಲೆಲ್ಲಿಗೋ ಕರೆ ಮಾಡುತ್ತಿರುತ್ತದೆ. ಅದನ್ನು ಜರಡಿ ಹಿಡಿಯಲು ಹೊಸ ವಿಂಡೋಸ್ ಮತ್ತು ಅಂಗಡಿಯಲ್ಲಿ ಬಳಸುವ ಸಾಚಾ ತಂತ್ರಾಂಶಗಳನ್ನಷ್ಟೇ ಹಾಕಿದ ಇನ್ನೊಂದು ಡಿಸ್ಕನ್ನು ಅದೇ ಯಂತ್ರದಲ್ಲಿ, ಅದೇ ರೂಟರಿನ ಹಿಂದೆ ಓಡಿಸಿ, ಎರಡೂ ದಾಖಲೆಗಳಲ್ಲಿ ಸಮಾನವಾಗಿರುವುದನ್ನು ಕಳೆದೆ. ಉಳಿದ ಕೆಲವೇ ಹೆಸರುಗಳಲ್ಲಿ ಒಂದು, ವಿಳಾಸ ಬದಲಾದರೂ ಹೆಸರು ಉಳಿಸಿಕೊಡುವ ಉಚಿತ ಡೈನಮಿಕ್ ಡಿಎನ್‌ಎಸ್ ಸೇವೆಯದು. ಯಾರೂ ಕೀಲಿಮಣೆ ಮುಟ್ಟದಿದ್ದರೂ ಅದರ ಕೋರಿಕೆ ಒಂದೇ ಅಂತರದಲ್ಲಿ ಬರುತ್ತಲೇ ಇತ್ತು. ಮನುಷ್ಯರ ಬಳಕೆ ಏರುಪೇರಾಗಿರುತ್ತದೆ, ತನ್ನ ಒಡೆಯನಿಂದ ಆದೇಶಕ್ಕಾಗಿ ಕಾಯುವ ಕುತಂತ್ರಾಂಶ ಗಡಿಯಾರದಂತೆ ಕೂಗುತ್ತದೆ. ರನ್ ಕೀಲಿಯ ನಮೂದನ್ನು ತೆಗೆದು ರೀಸ್ಟಾರ್ಟ್ ಮಾಡಿದಾಗ ಆ ಹೆಸರು ದಾಖಲೆಯಿಂದ ಪೂರ್ತಿ ಮಾಯವಾಯಿತು. ಒಳಗಿನ ಲೆಕ್ಕವೂ ಹೊರಗಿನ ಸಾಕ್ಷಿಯೂ ಹೀಗೆ ಒಂದಕ್ಕೊಂದು ತಾಳೆಯಾದ ಮೇಲೆಯೇ ಮಾವನಿಗೆ ಫೋನ್ ಮಾಡಿ ಖಚಿತವಾಗಿ ಹೇಳಿದೆ.

ಈ ವಿಧಾನಕ್ಕೆ ಮಿತಿಯೂ ಇದೆ. ಹೆಸರಿನ ಬದಲು ನೇರವಾಗಿ ಅಂಕಿಗಳ ಐಪಿ ವಿಳಾಸವನ್ನೇ ಬರೆದುಕೊಂಡಿರುವ ಕುತಂತ್ರಾಂಶ ಡಿಎನ್‌ಎಸ್ ದಾಖಲೆಯಲ್ಲಿ ಕಾಣುವುದಿಲ್ಲ. ಅದಕ್ಕಾಗಿ ಹಾದುಹೋಗುವುದರ ನಕಲು ಕೊಡುವ ಪೋರ್ಟ್ ಮಿರರಿಂಗ್ ಸೌಲಭ್ಯವಿರುವ ಸ್ವಿಚ್ಚಿನ ಮೂಲಕ ಎಲ್ಲ ಪ್ಯಾಕೆಟ್ಟುಗಳನ್ನೂ (ಜಾಲದಲ್ಲಿ ಸಾಗುವ ಮಾಹಿತಿಯ ತುಣುಕುಗಳು) ನನ್ನ ಲ್ಯಾಪ್‌ಟಾಪಿನ ವೈರ್‌ಶಾರ್ಕ್ ಎಂಬ ಪ್ಯಾಕೆಟ್ ಓದುವ ತಂತ್ರಾಂಶಕ್ಕೆ ತಂದು ನೋಡಿದೆ. ಹೊಸತೇನೂ ಸಿಗಲಿಲ್ಲ.

ಮಾಡಿದ್ದು, ಉಳಿದದ್ದು

ಕುತಂತ್ರಾಂಶವನ್ನು ಅಳಿಸಿ ಅದೇ ವಿಂಡೋಸನ್ನು ಮುಂದುವರಿಸುವ ಯೋಚನೆಯನ್ನು ನಾನು ಒಪ್ಪಲಿಲ್ಲ. ದೂರದಿಂದ ಆದೇಶ ಪಡೆಯುವ ತಂತ್ರಾಂಶ ಇಷ್ಟು ಕಾಲ ಒಳಗಿದ್ದಾಗ ಏನೇನು ಬದಲಾಗಿದೆ ಎಂದು ಪೂರ್ತಿ ಪಟ್ಟಿ ಮಾಡಲು ಸಾಧ್ಯವಿಲ್ಲ. ಹೇಗೂ ಯಂತ್ರದಲ್ಲಿದ್ದದ್ದು ವಿಂಡೋಸ್ 10. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ಡಿಸ್ಕಿಗೆ ವಿಂಡೋಸ್ 11 ಹಾಕಿ, ಡಬ್ಲ್ಯೂಸ್ಕ್ರಿಪ್ಟ್ ಸೇರಿರುವ ವಿಂಡೋಸ್ ಸ್ಕ್ರಿಪ್ಟ್ ಹೋಸ್ಟನ್ನು ನಿಷ್ಕ್ರಿಯಗೊಳಿಸಿದ್ದೇನೆ. ಅಂಗಡಿಯ ಕೆಲಸಕ್ಕೆ ಅದು ಬೇಕಿಲ್ಲ, ಈ ಜಾತಿಯ ಹುಳುಗಳಿಗೆ ಅದಿಲ್ಲದೆ ನಡೆಯದು. ದಿನನಿತ್ಯದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರವಿಲ್ಲದ ಖಾತೆಯನ್ನೂ ಮಾಡಿಕೊಟ್ಟಿದ್ದೇನೆ.

ಪಾಸ್‌ವರ್ಡುಗಳನ್ನು ಮಾವ ಬೇರೆ ಕಂಪ್ಯೂಟರಿನಿಂದ ಬದಲಿಸಿದರು. ಸೋಂಕಿರುವ ಯಂತ್ರದಲ್ಲಿಯೇ ಬದಲಿಸಿದರೆ ಹೊಸದೂ ಕಳ್ಳನ ಕೈಸೇರುತ್ತದೆ. ಮೊದಲು ಇಮೇಲ್, ನಂತರ ಬ್ಯಾಂಕು. ಎರಡರಲ್ಲೂ ಹಳೆಯ ಲಾಗಿನ್‌ಗಳನ್ನೆಲ್ಲ ಸೈನ್ ಔಟ್ ಮಾಡಿಸಿದೆವು. ಹಣ ಹೋದದ್ದು ಕಂಡಿಲ್ಲ. ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಾಗುತ್ತಿತ್ತು. ಪ್ರಿಂಟಿಗೆ ಪೆನ್ ಡ್ರೈವ್ ಕೊಟ್ಟಿದ್ದ, ನೆನಪಿರುವ ಗಿರಾಕಿಗಳಿಗೆಲ್ಲ ಮಾವ ತಾವೇ ಫೋನ್ ಮಾಡಿ, ಮನೆಯ ಕಂಪ್ಯೂಟರುಗಳನ್ನು ಪರೀಕ್ಷಿಸಿಕೊಳ್ಳುವಂತೆ ಹೇಳುತ್ತಿದ್ದಾರೆ. ಅಂಗಡಿಯ ಹೆಸರು ಕೆಡಬಹುದೆಂಬ ಅಂಜಿಕೆ ಇದ್ದೂ ಹೀಗೆ ಮಾಡುತ್ತಿರುವ ಅವರ ಬಗ್ಗೆ ನನಗೆ ಬಹಳ ಗೌರವವಿದೆ. ಆ ಗಿರಾಕಿಗಳಿಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಉಚಿತ ಉಪಕರಣಗಳ ವಿವರವನ್ನು ಕಳುಹಿಸುತ್ತಿದ್ದೇವೆ.

ಎರಡು ಕೆಲಸಗಳು ಬಾಕಿ ಇವೆ. ಮದರ್‌ಬೋರ್ಡಿನ ಚಿಪ್ಪಿನಲ್ಲಿ ಬರೆದಿರುವ ಫರ್ಮ್‌ವೇರಿನಲ್ಲಿಯೇ ಅಡಗುವ ಕುತಂತ್ರಾಂಶವೂ ಉಂಟು; 2018ರಲ್ಲಿ ಇಸೆಟ್ ಸಂಸ್ಥೆ ಬಯಲಿಗೆಳೆದ ಲೋಜಾಕ್ಸ್ ಡಿಸ್ಕು ಬದಲಿಸಿದರೂ ಉಳಿಯುವಂಥದ್ದು. ಪೆನ್ ಡ್ರೈವಿನ ಹುಳುವಿನ ಜೊತೆ ಅಂಥದ್ದು ಬರುವ ಸಂಭವ ತೀರಾ ಕಡಿಮೆ. ಆದರೂ ತಯಾರಕರ ತಾಣದಿಂದ ಬಯೋಸ್ (ಆ ಫರ್ಮ್‌ವೇರ್) ಇಳಿಸಿಕೊಂಡು ಹೊಸದಾಗಿ ಬರೆಯಲಿದ್ದೇನೆ. ಎರಡನೆಯದು, ಗಿರಾಕಿಗಳ ಪೆನ್ ಡ್ರೈವುಗಳನ್ನು ಮೊದಲು ತೆರೆದು ನೋಡಲು ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪೊಂದನ್ನು ಅಂಗಡಿಯ ಕೌಂಟರಿನಲ್ಲಿ ಇಡುವುದು. ವಿಬಿಎಸ್ ಹುಳು ಅದರಲ್ಲಿ ಓಡಲಾರದು, ಪ್ರಿಂಟಿಗೆ ಬೇಕಾದ ಪಿಡಿಎಫ್ ಮಾತ್ರ ಅಲ್ಲಿಂದ ಮುಖ್ಯ ಕಂಪ್ಯೂಟರಿಗೆ ಹೋಗುತ್ತದೆ. ಲ್ಯಾಪ್‌ಟಾಪಿಗೆ ಕನ್ನಡ ಫಾಂಟುಗಳನ್ನು ಹಾಕಿಯಾಗಿದೆ. ಪೈ-ಹೋಲ್ ಕೂಡ ಅದರ ಜೊತೆಗೇ ಮಂಡ್ಯಕ್ಕೆ ಹೋಗಿ ಅಂಗಡಿಯ ರೂಟರಿನ ಪಕ್ಕ ನೆಲೆಸಲಿದೆ, ಅದರ ದಾಖಲೆಯನ್ನು ನಾನು ವಾರಕ್ಕೊಮ್ಮೆ ಓದುತ್ತೇನೆ.