ಡಿಶ್ ಪ್ಲಸ್ ಸಿಮ್, ಎರಡೂ ಒಂದೇ ರೌಟರ್‌ಗೆ: ಈ ತಿಂಗಳ ಅಪ್‌ಡೇಟ್

ಹೊಸಬರಿಗೆ ಚುಟುಕಾಗಿ: ಮನೆ ಕ್ಯಾಲಿಫೋರ್ನಿಯಾದ ಮೆಂಡೊಸಿನೋ ಕಡೆ, ಸುತ್ತ ರೆಡ್‌ವುಡ್ ಮರ, ಕೇಬಲ್ ಇಲ್ಲ. ಮೇಲ್ಗಡೆ ಸ್ಟಾರ್‌ಲಿಂಕ್ (ಸ್ಯಾಟಲೈಟ್ ಇಂಟರ್ನೆಟ್) ಡಿಶ್, ಕಿಟಕಿ ಹತ್ರ 4ಜಿ ಮೋಡೆಮ್, ಎರಡೂ ಹೋಗಿ ಸೇರೋದು ಓಪನ್‌ಡಬ್ಲ್ಯೂಆರ್‌ಟಿ ಅನ್ನೋ ರೌಟರ್ ಸಾಫ್ಟ್‌ವೇರ್ ಹಾಕಿರೋ ಹಳೇ ಮಿನಿ ಪಿಸಿಗೆ.

ಈ ಸಲ ಜಾಸ್ತಿ ಟೈಮ್ ತಿಂದಿದ್ದು ಪಿಂಗ್ ಗ್ರಾಫು, ಅಂದ್ರೆ ಪ್ಯಾಕೆಟ್ (ಡೇಟಾ ತುಣುಕು) ಹೋಗಿ ಬರೋಕೆ ಎಷ್ಟು ಹೊತ್ತು (ಲೇಟೆನ್ಸಿ) ಅನ್ನೋ ಲೆಕ್ಕ. ಸ್ಟಾರ್‌ಲಿಂಕ್ ಸ್ಯಾಟಲೈಟ್‌ಗಳು ಸುಮಾರು 550 ಕಿ.ಮೀ. ಎತ್ತರದಲ್ಲೇ ಓಡಾಡೋದ್ರಿಂದ ಲೇಟೆನ್ಸಿಗೆ ತೊಂದ್ರೆ ಇಲ್ಲ, ಹಳೇ ಥರದ 35,786 ಕಿ.ಮೀ. ಮೇಲಿರೋವಾಗಿದ್ರೆ ಪ್ಯಾಕೆಟ್ ಹೋಗಿ ಬರೋಕೇ ಅರ್ಧ ಸೆಕೆಂಡ್ ಬೇಕಿತ್ತು. ಆದ್ರೆ ಇಲ್ಲಿ 15 ಸೆಕೆಂಡಿಗೊಂದ್ಸಲ ಯಾವ ಡಿಶ್‌ಗೆ ಯಾವ ಸ್ಯಾಟಲೈಟ್ ಅಂತ ಮತ್ತೆ ಹಂಚ್ತಾರೆ, ಪ್ರತಿ ನಿಮಿಷ 12, 27, 42, 57ನೇ ಸೆಕೆಂಡಿಗೆ, ಗ್ರಾಫಲ್ಲಿ ಕರೆಕ್ಟಾಗಿ ಅಲ್ಲೇ ಮೆಟ್ಟಿಲು ಕಾಣ್ಸುತ್ತೆ ನೋಡಿ, ಮಜಾ ಇದೆ. ಅದೇ ಟೈಮಿಗೆ ಮರ ಅಡ್ಡ ಬಂತು ಅಂದ್ರೆ ವಿಡಿಯೋ ಕಾಲ್ ಢಮಾರ್.

ಎಂವ್ಯಾನ್3 (ಒಂದು ಲೈನ್ ಬಿದ್ರೆ ಇನ್ನೊಂದಕ್ಕೆ ಬದಲಾಯಿಸೋ ಓಪನ್‌ಡಬ್ಲ್ಯೂಆರ್‌ಟಿ ಪ್ಯಾಕೇಜ್) ಹಾಕಿದ್ರೆ ಲೈನ್ ಬಿದ್ದಾಗ 4ಜಿಗೆ ಹಾರುತ್ತೆ ನಿಜ, ಆದ್ರೆ ಐಪಿ (ಇಂಟರ್ನೆಟ್ ವಿಳಾಸ) ಬದಲಾಗೋದ್ರಿಂದ ನಡೀತಿದ್ದ ಕನೆಕ್ಷನ್ ಎಲ್ಲಾ ಸತ್ತೋಗುತ್ತೆ. ಅದಕ್ಕೇ ಈಗ ಓಪನ್‌ಎಂಪಿಟಿಸಿಪಿರೌಟರ್ (ಎರಡೂ ಲೈನನ್ನ ಒಂದೇ ಥರ ಬಳಸೋ ಸಾಫ್ಟ್‌ವೇರ್), ಆ ಕಡೆ ಒಂದು ಬಾಡಿಗೆ ವಿಪಿಎಸ್, ಅಂದ್ರೆ ಇಂಟರ್ನೆಟ್‌ನಲ್ಲಿರೋ ಸರ್ವರ್; ಹೊರಗೆ ಅದರ ಐಪಿನೇ ಕಾಣೋದ್ರಿಂದ ಲೈನ್ ಬದಲಾದ್ರೂ ಕನೆಕ್ಷನ್ ಉಳಿಯುತ್ತೆ. ಸ್ಟಾರ್‌ಲಿಂಕ್ ಸಿಜಿನ್ಯಾಟ್ (ತುಂಬಾ ಜನ ಒಂದೇ ಐಪಿ ಹಂಚ್ಕೊಳ್ಳೋದು, ಹೊರಗಿಂದ ಸೀದಾ ಒಳಗೆ ಬರೋಕಾಗಲ್ಲ) ಹಿಂದೆ ಇದ್ರೂ ವಿಪಿಎಸ್‌ಗೆ ಹೋಗೋ ಟನಲ್ ಇಲ್ಲಿಂದಾನೇ ಹೊರಗೆ ಹೋಗೋದ್ರಿಂದ ತಲೆಬಿಸಿ ಇಲ್ಲ.

ಎರಡೂ ಸೇರಿಸಿದ್ರೆ ಸ್ಪೀಡ್ ಡಬಲ್ ಆಗುತ್ತಾ ಅಂತ ಎಲ್ರೂ ಕೇಳ್ತಾರೆ. ಆಗಲ್ಲ. ಒಂದೇ ಡೌನ್‌ಲೋಡ್‌ನ ಎರಡು ಲೈನಿಗೆ ಒಡೆದ್ರೆ ಬೇಗ ಬಂದ ಪ್ಯಾಕೆಟ್ ನಿಧಾನದ್ದಕ್ಕೆ ಕಾಯ್ತಾ ಕೂರುತ್ತೆ, ಸಂಜೆ ಟವರ್ ಮೇಲೆ ಲೋಡ್ ಇದ್ದಾಗಂತೂ ಸ್ಟಾರ್‌ಲಿಂಕ್ ಒಂದೇ ಇದ್ದಿದ್ರೇ ವಾಸಿ ಅನ್ಸುತ್ತೆ. ನನ್ನ ಪ್ರಕಾರ ಯಾವ್ದು ಯಾವ ದಾರೀಲಿ ಹೋಗ್ಬೇಕು ಅಂತ ವಿಂಗಡಿಸೋದ್ರಲ್ಲೇ ಲಾಭ ಇರೋದು. ಅಪ್‌ಡೇಟ್, ಬ್ಯಾಕಪ್, ಸಿನಿಮಾ ಎಲ್ಲಾ ಡಿಶ್‌ಗೆ. ಮೀಟಿಂಗು, ಊರಿಗೆ ಅಮ್ಮಂಗೆ ಮಾಡೋ ಕಾಲು ಮೊದ್ಲು 4ಜಿಗೆ. ಕಾಲ್‌ಗಳು ಹೋಗೋದು ಯುಡಿಪಿಲಿ (ಪ್ಯಾಕೆಟ್ ತಲುಪ್ತಾ ಅಂತ ಕಾಯದ ವಿಧಾನ), ಲೈನ್ ಸೇರಿಸೋ ಎಂಪಿಟಿಸಿಪಿ ಇರೋದು ಟಿಸಿಪಿಗೆ (ತಲುಪಿದ್ದು ಖಾತ್ರಿ ಮಾಡ್ಕೊಳ್ಳೋ ವಿಧಾನ) ಮಾತ್ರ, ಹಾಗಾಗಿ ಅವಕ್ಕೆ ಬೇರೆ ರೂಲ್ ಬರೀಲೇಬೇಕಾಯ್ತು.

ಅಂದಹಾಗೆ 2025ರ ಜುಲೈಯಲ್ಲಿ ಇಲ್ಲಿನ ಮೊಬೈಲ್ ಕಂಪನಿ ಟಿ-ಮೊಬೈಲ್ ಶುರು ಮಾಡಿದ ಟಿ-ಸ್ಯಾಟಲೈಟ್ ಇದ್ಯಲ್ಲ ಅಂತ ಒಬ್ರು ಕೇಳಿದ್ರು. ಅದು ಬೇರೆ ಕಥೆ, ಅಲ್ಲಿ ಸ್ಯಾಟಲೈಟೇ ಟವರ್ ಥರ ಕೆಲ್ಸ ಮಾಡಿ ಸೀದಾ ಫೋನಿಗೆ ಸಿಗ್ನಲ್ ಕೊಡುತ್ತೆ, ಕಾಡಲ್ಲಿ ಮೆಸೇಜ್ ಕಳ್ಸೋಕೆ ಸೂಪರ್, ಇಡೀ ಮನೆ ನಡೆಸೋಕೆ ಆಗಲ್ಲ.

ಮುಂದೆ 4ಜಿ ಆಂಟೆನಾ ಕಿಟಕಿಯಿಂದ ಮೇಲ್ಗಡೆಗೆ ಹೋಗ್ಬೇಕು, ಕೇಬಲ್ ಉದ್ದ ಆದಷ್ಟೂ ಸಿಗ್ನಲ್ ಲಾಸ್ ಆಗೋದ್ರಿಂದ ಮೋಡೆಮ್‌ನೂ ಡಬ್ಬದಲ್ಲಿಟ್ಟು ಅಲ್ಲೇ ಕೂರಿಸೋ ಪ್ಲಾನ್. ಮಳೆ ನಿಂತ ಮೇಲೆ ಏಣಿ ಹತ್ತೋದು.