ಕೆರಿಬಿಯನ್ ವಿಮಾನದಲ್ಲಿ ಎಡಗಡೆನಾ, ಬಲಗಡೆನಾ?

ಡಿಸೆಂಬರ್ ರಜೆ ಹತ್ತಿರ ಬಂತೆಂದರೆ ಅಮೆರಿಕದಲ್ಲಿರುವ ನನ್ನ ಗೆಳೆಯರ ಬಳಗದಿಂದ ಒಂದೇ ಪ್ರಶ್ನೆ: "ಮಯಾಮಿಯಿಂದ ದ್ವೀಪಗಳ ಕಡೆ ಹೊರಟಿದ್ದೀವಿ, ಯಾವ ಕಿಟಕಿ ಹಿಡಿಯೋದು?" ಎಡಗಡೆ. ಎ ಸೀಟು. ಅವಸರದಲ್ಲಿರುವವರು ಇಲ್ಲಿಗೇ ನಿಲ್ಲಿಸಿ ಬುಕ್ ಮಾಡಬಹುದು.

ಕಾರಣ ಗಾಳಿ. ಶಾಲೆಯ ಭೂಗೋಳದಲ್ಲಿ ಉರು ಹೊಡೆದ ವಾಣಿಜ್ಯ ಮಾರುತ ನೆನಪಿದೆಯಲ್ಲ? 1492ರಲ್ಲಿ ಕೊಲಂಬಸ್ಸನ ಹಡಗುಗಳನ್ನು ಅತ್ತ ತಳ್ಳಿಕೊಂಡು ಹೋದದ್ದೂ ಅದೇ. ವರ್ಷದ ಬಹುಪಾಲು ಪೂರ್ವದ ಕಡೆಯಿಂದಲೇ ಬೀಸುತ್ತದೆ. ವಿಮಾನ ಇಳಿಯುವುದು ಗಾಳಿಗೆ ಎದುರಾಗಿ. ರನ್‌ವೇ ಸಂಖ್ಯೆಗೆ ಒಂದು ಸೊನ್ನೆ ಸೇರಿಸಿ, ದಿಕ್ಕಿನ ಡಿಗ್ರಿ ಸಿಗುತ್ತದೆ: ಬಾರ್ಬಡೋಸ್ 09, ಸೇಂಟ್ ಲೂಸಿಯಾದ ಹ್ಯೂನೋರಾ ನಿಲ್ದಾಣ 10, ಪೋರ್ಟೊ ರಿಕೊದ ಸ್ಯಾನ್ ಹ್ವಾನ್ 08 ಮತ್ತು 10. 90 ಡಿಗ್ರಿ ಎಂದರೆ ನೇರ ಪೂರ್ವ. ಎಲ್ಲವೂ ಪೂರ್ವಮುಖಿ, ಅಂದರೆ ಎಡಕ್ಕೆ ಉತ್ತರ ದಿಕ್ಕು.

ಉತ್ತರದಲ್ಲಿ ನೋಡುವಂಥದ್ದೂ ಇರಬೇಕಲ್ಲ? ಇದೆ. ಸ್ಯಾನ್ ಹ್ವಾನ್‌ನಲ್ಲಿ ಹಳೇ ಪಟ್ಟಣ, ಅದರ ತುದಿಯಲ್ಲಿ 1539ರಲ್ಲಿ ಕಟ್ಟಲು ಶುರುವಾದ ಎಲ್ ಮೊರ್ರೊ ಕೋಟೆ. ಸೇಂಟ್ ಲೂಸಿಯಾದಲ್ಲಿ ಸಮುದ್ರದಿಂದ ನೆಟ್ಟಗೆ ಎದ್ದ ಪಿಟಾನ್ ಜೋಡಿ ಶಿಖರಗಳು. ಚಿಕ್ಕದೇ 743 ಮೀಟರ್. ಬಾರ್ಬಡೋಸ್‌ನಲ್ಲಿ ಬ್ರಿಡ್ಜ್‌ಟೌನ್. 2024ರ ಜೂನ್ 29ರಂದು ನಮ್ಮ ದ್ರಾವಿಡ್ ಕಪ್ ಎತ್ತಿ ಕೂಗಿದ ಊರು. ಆ ಮನುಷ್ಯ ಹಾಗೆ ಕೂಗಬಲ್ಲ ಅಂತ ಅಲ್ಲಿಯವರೆಗೆ ನನಗಂತೂ ಗೊತ್ತಿರಲಿಲ್ಲ.

ಆದರೆ ನನ್ನ ಕೇಳಿದರೆ, ಅಸಲಿ ನೋಟ ಇಳಿಯುವಾಗ ಅಲ್ಲ, ಹತ್ತಿದ ಅರ್ಧ ಗಂಟೆಯಲ್ಲೇ. ಬಹಾಮಾಸ್ ಹತ್ತಿರ ನೀರು ಕೆಲವೇ ಮೀಟರ್ ಆಳ, ಕೆಳಗೆ ಬೆಳ್ಳನೆಯ ಸುಣ್ಣದ ಮರಳು. ಮೇಲಿಂದ ತಿಳಿ ಗಿಳಿಹಸಿರು, ನಡುನಡುವೆ ಮರಳು ಅಲೆಯಲೆಯಾಗಿ ಬರೆದ ಬಿಳಿ ಗೆರೆಗಳು. ಆಂಡ್ರೋಸ್ ದ್ವೀಪ ದಾಟಿದ ಕೂಡಲೇ 'ಸಾಗರದ ನಾಲಗೆ' ಎಂಬ ಕಂದರ. ತಳ ಒಮ್ಮೆಲೇ ಸಾವಿರ ಮೀಟರಿಗೂ ಕೆಳಗೆ ಕುಸಿಯುತ್ತದೆ. ಸೀರೆಯ ಒಡಲು ಮುಗಿದು ಅಂಚು ಶುರುವಾದಂತೆ, ಹಸಿರು ನಿಂತಲ್ಲೇ ಕಡುನೀಲಿ. ಅದಾದ ಮೇಲೆ ಎಕ್ಸೂಮಾದ ಚಿಕ್ಕ ಚಿಕ್ಕ ದ್ವೀಪಗಳ ಸಾಲು. ಚಳಿಗಾಲದ ಮಧ್ಯಾಹ್ನವಾದರೆ ಸೂರ್ಯ ಬಲಗಡೆ ಇರುತ್ತಾನೆ. ಆ ಕಡೆಯವರಿಗೆ ಬರೀ ಝಳಪು. ನಿಮಗೆ ಬೆಳಕು ಬೆನ್ನ ಹಿಂದೆ, ಬಣ್ಣವೆಲ್ಲ ಕಣ್ಣ ಮುಂದೆ.

ಇಷ್ಟೆಲ್ಲ ಹೇಳುವ ನಾನೇ ಮೊದಲ ಸಲ ಹಣ ಕೊಟ್ಟು ಕಿಟಕಿ ಸೀಟು ತಗೊಂಡು ಗೋಡೆ ನೋಡುತ್ತಾ ಹೋದೆ. 737ರಲ್ಲಿ ಎಡಗಡೆ, ರೆಕ್ಕೆಗಿಂತ ಸ್ವಲ್ಪ ಮುಂದೆ, ಏಸಿಯ ಕೊಳವೆ ಹಾದುಹೋಗುವ ಒಂದು ಕಡೆ ಕಿಟಕಿಯೇ ಇಲ್ಲ. ಮುಂದಿನ ಸೀಟಿಗೂ ಗೋಡೆಗೂ ನಡುವಿನ ಸಂದಿಗೆ ಕೆನ್ನೆ ಒತ್ತಿಕೊಂಡು, ಮುಂದಿನವರ ಕಿಟಕಿಯ ಕಾಲು ಭಾಗದಲ್ಲಿ ಬಹಾಮಾಸ್ ನೋಡಿ ಮುಗಿಸಿದೆ. ಕತ್ತು ಎರಡು ದಿನ ನೋವು. ಸೀಟಿನ ನಕ್ಷೆಯಲ್ಲಿ ಸಾಲು ನೋಡಿಕೊಳ್ಳಿ. ರೆಕ್ಕೆಗೆ ಮುಂದೆ ಸಿಕ್ಕರೆ ಒಳ್ಳೆಯದು. ಹಿಂದೆ ಕೂತರೆ ಎಂಜಿನ್ನಿನ ಬಿಸಿಗಾಳಿಗೆ ನೋಟ ನಡುಗುತ್ತದೆ. ಪೋಲರಾಯ್ಡ್ ಕನ್ನಡಕ ತೆಗೆದಿಡಿ, ಇಲ್ಲದಿದ್ದರೆ ಕಿಟಕಿಯ ಪ್ಲಾಸ್ಟಿಕ್ಕಿನಲ್ಲಿ ಕಾಮನಬಿಲ್ಲಿನ ಪಟ್ಟೆಗಳು.

ಉತ್ತರದ ದ್ವೀಪಗಳಲ್ಲಿ ಚಳಿಗಾಲದ ಶೀತಮಾರುತ ಹಾದುಹೋದ ದಿನ ಗಾಳಿ ತಿರುಗಿ ಲೆಕ್ಕ ತಪ್ಪುವುದುಂಟು. ಆಗ ನನ್ನ ಬೈಯಬೇಡಿ.

ಸೇಂಟ್ ಮಾರ್ಟನ್‌ನಿಂದ ಪುಟ್ಟ ಟ್ವಿನ್ ಆಟರ್ ವಿಮಾನ ಹಿಡಿದು ಸಾಬಾ ದ್ವೀಪಕ್ಕೆ ಹೋಗುವವರಿಗೆ ಮಾತ್ರ ಉತ್ತರ ಬೇರೆ: ಬಲಗಡೆ. ಅಲ್ಲಿನ ರನ್‌ವೇ ಬರೀ 400 ಮೀಟರ್, ದ್ವೀಪದ ಈಶಾನ್ಯ ಮೂಲೆಗೆ ಅಂಟಿಕೊಂಡಿದೆ. ಇಳಿಯುವಾಗ ಬಲಕ್ಕೆ ಬಂಡೆಯ ಗೋಡೆ. ಎಡಗಡೆಯವರಿಗೆ ನೀರು, ಆಮೇಲೂ ನೀರು.