ನಿಮ್ಮಮ್ಮ ಹೀಗೆ ಹಾಡ್ತಾರಾ?

ಪಿಟೀಲು ಮೇಷ್ಟ್ರು ತೀರಿಕೊಂಡ ಸುದ್ದಿ ಗೊತ್ತಾಗಿದ್ದು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ. ಆವತ್ತು ಬ್ಯಾಂಕಿನಲ್ಲಿ ಕೂತಿದ್ದೆ ಅಷ್ಟೇ, ಮನಸ್ಸು ಕೆಲಸದಲ್ಲಿ ನಿಲ್ಲಲಿಲ್ಲ. ಎಂಟನೇ ಕ್ಲಾಸಿನಲ್ಲಿ ಏನೇನು ಓದಿದೆನೋ ಒಂದೂ ನೆನಪಿಲ್ಲ. ಆದರೆ ಮೇಷ್ಟ್ರು ನನ್ನ ತೋರುಬೆರಳು ಹಿಡಿದು ತಂತಿಯ ಮೇಲೆ ಇಟ್ಟ ಜಾಗ ಇವತ್ತಿಗೂ ಬೆರಳಿಗೆ ಗೊತ್ತು.

1991ರ ಮಾತು. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ಶಾಲೆಯಲ್ಲಿ ಐದು ಪಿಟೀಲು, ನಾವು ಹದಿನಾಲ್ಕು ಮಕ್ಕಳು. ಗುರುವಾರ ಕೊನೆಯ ಪೀರಿಯಡ್. ಚಾಪೆ ಮೇಲೆ ಕೂತು, ಪಿಟೀಲನ್ನು ಎದೆಗೆ ಆನಿಸಿ, ಅದರ ಸುರುಳಿ ತುದಿಯನ್ನು ಬಲಪಾದಕ್ಕೆ ಕೊಟ್ಟು ಐವರು ನುಡಿಸುತ್ತಿದ್ದರೆ, ಉಳಿದವರು ಸರದಿಗೆ ಕಾಯುತ್ತಿದ್ದೆವು.

ಮೊದಲು ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಅಂದರೆ ಸ್ವರಗಳ ಮೊದಲ ಪಾಠ. ಅದು ಪುರಂದರದಾಸರು ಹಾಕಿಕೊಟ್ಟ ದಾರಿ, ಮೇಷ್ಟ್ರು ಅದನ್ನು ಬಿಟ್ಟವರಲ್ಲ. ಆದರೆ ಅರ್ಧ ಪೀರಿಯಡ್ ಆದ ಮೇಲೆ ಕೇಳುತ್ತಿದ್ದರು, "ಮುಂದೆ ಯಾವ ಹಬ್ಬ ಐತ್ರಪ್ಪಾ?" ಯಾವ ಹಬ್ಬವೋ ಆ ಹಬ್ಬದ ಹಾಡು.

ಅದು ಸುಮ್ನೆ ಮಕ್ಕಳನ್ನು ಖುಷಿಪಡಿಸೋಕೆ ಅಂತ ಆಗ ಅಂದುಕೊಂಡಿದ್ದೆ. ನಾನೇ ಕಲಿಸಲು ಕೂತ ಮೇಲೆ ಅರ್ಥವಾಯಿತು. ಪಿಟೀಲಿಗೆ ವೀಣೆಯ ಹಾಗೆ ಸ್ವರದ ಜಾಗ ತೋರಿಸುವ ಮೆಟ್ಟಿಲಿಲ್ಲ. ಬೆರಳು ಕೂದಲೆಳೆಯಷ್ಟು ಆಚೀಚೆ ಆದರೂ ಸ್ವರ ಕೆಡುತ್ತದೆ. ಕೆಟ್ಟಿದ್ದು ಕಿವಿಗೆ ಗೊತ್ತಾಗಬೇಕು, ಕಿವಿಗೆ ಗೊತ್ತಾಗಬೇಕಾದರೆ ಸರಿಯಾದ ಹಾಡು ಮೊದಲೇ ಒಳಗಿರಬೇಕು. ಹಬ್ಬದ ಹಾಡು ಮಗುವಿನೊಳಗೆ ಆಗಲೇ ಇರುತ್ತದೆ, ಅಲ್ವಾ? ಒಮ್ಮೆ ಹತ್ತಿಗಿರಣಿಯ ಸೈರನ್ ಕೂಗಿದಾಗ ಮೇಷ್ಟ್ರು ಕಮಾನು ಕೆಳಗಿಟ್ಟು, "ಕೇಳ್ರಿ, ಎಷ್ಟು ಸ್ವರ ದಾಟಿ ಹೋತು! ನಿಲ್ಲೋ ಜಾಗ ಗೊತ್ತಿಲ್ಲ ಅದಕ್ಕೆ. ನಮಗೆ ಗೊತ್ತಿರಬೇಕು" ಅಂದಿದ್ದರು.

ಶ್ರಾವಣ ಬಂತೆಂದರೆ ಭಾಗ್ಯದ ಲಕ್ಷ್ಮೀ ಬಾರಮ್ಮ. ಅದರ ರಾಗ ಮಧ್ಯಮಾವತಿಗೆ ಐದೇ ಸ್ವರ. ಗ ಇಲ್ಲ, ದ ಇಲ್ಲ. ಆದರೆ ರಾಗದ ಹೆಸರನ್ನು ಮೇಷ್ಟ್ರು ಹೇಳಿದ್ದು ಹಾಡು ಕೂತ ಮೇಲೆ. ಬೆರಳು ತಪ್ಪಿದರೆ "ತಪ್ಪು" ಅನ್ನುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡೇ, "ತಮ್ಮಾ, ನಿಮ್ಮಮ್ಮ ಹೀಗೆ ಹಾಡ್ತಾರಾ?" ಅನ್ನೋರು. ಶುಕ್ರವಾರ ಸಂಜೆ ದೇವರ ಮುಂದೆ ಅಮ್ಮ ಹಾಡುತ್ತಿದ್ದುದು ನೆನಪಾಗುತ್ತಿತ್ತು. ಬೆರಳು ತಾನಾಗಿ ಸರಿಯುತ್ತಿತ್ತು.

ಡಿಸೆಂಬರಿನಲ್ಲಿ, ನಮ್ಮ ಜೊತೆ ಕಲಿಯುತ್ತಿದ್ದ ಕ್ರೈಸ್ತರ ಮನೆಯ ಹುಡುಗಿಗೆ, "ನಿಮ್ಮ ಹಬ್ಬ ಬಂತಲ್ಲಮ್ಮ, ಹಾಡು" ಅಂದರು. ಅವಳು ಜಿಂಗಲ್ ಬೆಲ್ಸ್ ಹಾಡಿದಳು. ಮೇಷ್ಟ್ರು ಅಲ್ಲೇ ಸ್ವರ ಹಾಕಿದರು: ಗಗಗ, ಗಗಗ, ಗಪಸರಿಗ. ಸಾಲಾಗಿ ಏಳು ಸಲ ಒಂದೇ ಗ. ಎಡಗೈ ಬೆರಳು ಕದಲುವ ಹಾಗೇ ಇಲ್ಲ, ಪೂರ್ತಿ ಗಮನ ಕಮಾನಿನ ಮೇಲೆ. ಪ ಮತ್ತು ಸ ಎರಡೂ ಖಾಲಿ ತಂತಿ. ಹೊಸಬರಿಗೆ ಅಳೆದು ಹೊಲಿದ ಹಾಗಿದೆ ಆ ಸಾಲು! ಮುಂದಿನ ವಾರ ಅವಳು ಜಾಯ್ ಟು ದ ವರ್ಲ್ಡ್ ಶುರು ಮಾಡಿದಳು. ಮೇಲಿನ ಸ ಇಂದ ಕೆಳಗಿನ ಸ ವರೆಗೆ ಒಂದೊಂದೇ ಸ್ವರ ಇಳಿಯುತ್ತದೆ. ಮೇಷ್ಟ್ರು ಎದ್ದೇ ನಿಂತರು. "ಲೇ, ಇದು ಶಂಕರಾಭರಣದ ಅವರೋಹಣ ಕಣ್ರೋ!" ಅವರ ಆ ಮುಖ ಮರೆಯೋಕೆ ಸಾಧ್ಯವಿಲ್ಲ.

ಇನ್ನು ನನ್ನ ತಪ್ಪು ಹೇಳಲೇಬೇಕು. ಶಾಲೆಯ ಗಣಪತಿ ಮುಂದೆ ಪಿಳ್ಳಾರಿ ಗೀತೆ ನುಡಿಸೋದಿತ್ತು. ಎಲ್ಲರಿಗಿಂತ ಚೆನ್ನಾಗಿ ನುಡಿಸುತ್ತಿದ್ದವನು ನಾನು, ಇದನ್ನು ಮೇಷ್ಟ್ರೂ ಒಪ್ಪಿದ್ದರು. ಆದರೆ ಶುರು ಮಾಡುವ ಅವಕಾಶ ಒಂಬತ್ತನೇ ಕ್ಲಾಸಿನವನಿಗೆ ಹೋಯಿತು. ಹೊಟ್ಟೆಕಿಚ್ಚು ತಡೆಯಲಿಲ್ಲ. ಗೆಳೆಯನೂ ನಾನೂ ಸೇರಿ ಅವನ ಕಮಾನಿನ ಕೂದಲಿಗೆ ಕೊಬ್ಬರಿ ಎಣ್ಣೆ ಸವರಿದೆವು. ಸಿಕ್ಕಿಬೀಳಬಾರದು ಅಂತ ಉಳಿದ ನಾಲ್ಕಕ್ಕೂ ಸವರಿದೆವು.

ರೋಸಿನ್ ಅಂದರೆ ಗಟ್ಟಿ ರಾಳದ ತುಂಡು, ಅದನ್ನು ತಿಕ್ಕಿದರೆ ಕಮಾನು ತಂತಿಯನ್ನು ಹಿಡಿಯುತ್ತದೆ. ಎಣ್ಣೆ ತಾಗಿದರೆ ಜಾರುತ್ತದೆ. ಅವನು ಎಳೆದ, ಸದ್ದೇ ಇಲ್ಲ. ಮತ್ತೆ ಎಳೆದ. ಮಕ್ಕಳು ನಗತೊಡಗಿದರು. ಮೇಷ್ಟ್ರು ಕಮಾನನ್ನು ಮೂಗಿಗೆ ಹಿಡಿದು, ನಮ್ಮೆಲ್ಲರ ಮುಖ ಒಂದು ಸುತ್ತು ನೋಡಿ, "ಕಮಾನು ಕೆಳಗಿಡ್ರಿ. ಬೆರಳಿನಿಂದ ಮೀಟ್ರಿ" ಅಂದರು. ಐದು ಪಿಟೀಲು ಒಟ್ಟಿಗೆ ಮೀಟಿದಾಗ ಎಂಥ ಸದ್ದು! ಹೆಡ್ ಮಾಸ್ಟರು ಇನ್ನೊಂದು ಸಲ ನುಡಿಸಿ ಅಂದರು.

ಸಂಜೆ ನನ್ನನ್ನು ಒಬ್ಬನನ್ನೇ ಕರೆದರು. ಹೊಡೆಯಲಿಲ್ಲ. "ಎಣ್ಣೆ ತಲೆಗೆ, ರೋಸಿನ್ ಕಮಾನಿಗೆ" ಅಂದರು ಅಷ್ಟೇ. ಕಮಾನುಗಳಿಗೆ ಹೊಸ ಕೂದಲು ಹಾಕಿಸಿದ್ದು ಅವರ ಸ್ವಂತ ದುಡ್ಡಿನಲ್ಲಿ. ಆಮೇಲೆ ಒಂದು ತಿಂಗಳು ಐದೂ ಕಮಾನಿಗೆ ರೋಸಿನ್ ತಿಕ್ಕುವ ಕೆಲಸ ನನ್ನದು. "ಒಂದೇ ಕಡೆ ತಿಕ್ಕಬ್ಯಾಡ, ಗೆರೆ ಬೀಳ್ತೈತಿ, ತಿರುಗಿಸು" ಅಂತ ಎಷ್ಟು ಹೇಳಿದರೂ ನಾನು ಸಿಟ್ಟಿನಲ್ಲಿ ಒಂದೇ ಕಡೆ ತಿಕ್ಕುತ್ತಿದ್ದೆ.

ಈಗ ಭಾನುವಾರ ನಮ್ಮ ಮನೆಗೆ ಹನ್ನೊಂದು ಮಕ್ಕಳು ಬರುತ್ತಾರೆ. ಇಬ್ಬರು ಸಂಗೀತದ ಜೂನಿಯರ್ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ತೆಗೆದುಕೊಂಡರು, ನನಗೆ ಹೆಮ್ಮೆಯಿದೆ. ಆದರೆ ಅಪ್ಪ ಅಮ್ಮಂದಿರ ಮೊದಲ ಪ್ರಶ್ನೆಯೇ "ಜೂನಿಯರ್‌ಗೆ ಎಷ್ಟು ತಿಂಗಳು ಬೇಕು?" ಮಕ್ಕಳ ಶಾಲೆಗಳಲ್ಲಿ ಸಂಗೀತದ ಪೀರಿಯಡ್ಡನ್ನು ಗಣಿತ ನುಂಗಿದೆ. ವಾರ್ಷಿಕೋತ್ಸವಕ್ಕೆ ಪೆನ್ ಡ್ರೈವ್ ಸಾಕು. ಮೊನ್ನೆ ಒಬ್ಬ ಪುಟ್ಟ ಹುಡುಗಿಗೆ ಮೇಷ್ಟ್ರ ಹಾಗೆಯೇ ಕೇಳಿದೆ, "ನಿಮ್ಮಮ್ಮ ಹೀಗೆ ಹಾಡ್ತಾರಾ?" ಅವಳು "ಅಮ್ಮ ಹಾಡಲ್ಲ ಅಂಕಲ್, ಯೂಟ್ಯೂಬ್ ಹಾಕ್ತಾರೆ" ಅಂದಳು. ಕರೆದುಕೊಂಡು ಹೋಗಲು ಬಂದ ತಾಯಿಗೆ ಹೇಳಿದೆ, "ಅಕ್ಕಾ, ಈ ಶುಕ್ರವಾರ ನೀವೇ ಹಾಡಿ. ಹೇಗೆ ಬಂದರೂ ಪರವಾಗಿಲ್ಲ."

ಮೇಷ್ಟ್ರು ಹೋದ ಮೇಲೆ ಅವರ ಮನೆಗೆ ಹೋಗಿದ್ದೆ. ಮೇಷ್ಟ್ರ ಹೆಂಡತಿ ಒಳಗಿಂದ ಒಂದು ಹಳೇ ಪೌಡರ್ ಡಬ್ಬಿ ತಂದುಕೊಟ್ಟರು. "ಇದನ್ನ ಬಳಸ್ತಿರಲಿಲ್ಲಪ್ಪ, ಎಸೆಯೋಕೂ ಬಿಡ್ತಿರಲಿಲ್ಲ." ಒಳಗೆ ಬಟ್ಟೆಯಲ್ಲಿ ಸುತ್ತಿದ ಒಂದು ತುಂಡು ರೋಸಿನ್. ನಟ್ಟನಡುವೆ ಬೆರಳು ಕೂರುವಷ್ಟು ಆಳದ ಗೆರೆ.